ಹಲಗೆ, ಮಣ್ಣು, ಜಾಕಿ: ಒಂದೇ ಮನೆಗೆ ಮೂರು ಪ್ರಯತ್ನ

ಅಪ್ಪ 1996ರಲ್ಲಿ ಬೆಂಗಳೂರಿನ ಹೊರಮಾವು ಕಡೆ 30x40 ಸೈಟಿನಲ್ಲಿ ಮನೆ ಕಟ್ಟಿಸಿದಾಗ ರಸ್ತೆಯಿಂದ ಹೊಸ್ತಿಲಿಗೆ ನಾಲ್ಕು ಮೆಟ್ಟಿಲು ಹತ್ತಬೇಕಿತ್ತು. ಹಳೆ ಡಾಂಬರನ್ನು ಕೆರೆದು ತೆಗೆಯದೆ ಅದರ ಮೇಲೆಯೇ ಹೊಸದು ಬೀಳುತ್ತಾ ಬೀಳುತ್ತಾ, 2019ರ ಹೊತ್ತಿಗೆ ರಸ್ತೆ ಹೊಸ್ತಿಲಿಗೆ ಸಮನಾಯಿತು. ಆಮೇಲೆ ಜೋರು ಮಳೆ ಬಂದಾಗಲೆಲ್ಲ ರಾಜಕಾಲುವೆ (ಮಳೆನೀರು ಹರಿಯುವ ದೊಡ್ಡ ಕಾಲುವೆ) ತುಂಬಿ ನೀರು ಮನೆಗೇ ನುಗ್ಗತೊಡಗಿತು. ಆರು ವರ್ಷಗಳಲ್ಲಿ ಮೂರು ಉಪಾಯ ಮಾಡಿದ್ದೇವೆ. ಯಾರಾದರೂ ಇದೇ ಯೋಚನೆಯಲ್ಲಿದ್ದರೆ ನಮ್ಮ ಅನುಭವ ನೆರವಾಗಲಿ ಎಂದು ಬರೆಯುತ್ತಿದ್ದೇನೆ.

ಮೊದಲು ಮಾಡಿದ್ದು ಬಾಗಿಲಿಗೆ ಹಲಗೆ. ಚೌಕಟ್ಟಿಗೆ ಅಲ್ಯೂಮಿನಿಯಂ ಚಾನೆಲ್ ಹೊಡೆದು, ರಬ್ಬರ್ ಅಂಚಿನ ಹಲಗೆಗಳನ್ನು ಒಂದರ ಮೇಲೊಂದು ಇಳಿಸುವ ವ್ಯವಸ್ಥೆ. ಹಿಂದಿನ ಮುಂದಿನ ಬಾಗಿಲು ಎರಡಕ್ಕೂ ಸೇರಿ 38 ಸಾವಿರ ರೂಪಾಯಿ. ಅರ್ಧ ಅಡಿ ನೀರಿಗೆ ಇದು ಚೆನ್ನಾಗಿಯೇ ತಡೆಯಿತು. ನೀರು ಏರಿದಂತೆ ಕಥೆ ಬೇರೆ. ಒಂದು ಮೀಟರ್ ಅಗಲದ ಬಾಗಿಲಿಗೆ ಎರಡು ಅಡಿ ನೀರು ನಿಂತರೆ ಸುಮಾರು 185 ಕೆ.ಜಿ. ಒತ್ತಡ, ಮೂರು ಅಡಿ ನಿಂತರೆ 400 ಕೆ.ಜಿ. ದಾಟುತ್ತದೆ. ಆದರೆ ನಮ್ಮನ್ನು ಸೋಲಿಸಿದ್ದು ಬಾಗಿಲಲ್ಲ, ಬಚ್ಚಲು. ಹೊರಗಿನ ಚೇಂಬರ್ ತುಂಬಿ ಕೊಳಚೆ ನೀರು ಬಚ್ಚಲು ಮತ್ತು ಶೌಚಾಲಯದಿಂದ ಉಕ್ಕಿ ಬಂತು. ಹಲಗೆ ಹಾಕುವುದಾದರೆ ಒಳಚರಂಡಿ ಪೈಪಿಗೆ ನಾನ್-ರಿಟರ್ನ್ ವಾಲ್ವ್ (ನೀರು ಹೊರಕ್ಕೆ ಮಾತ್ರ ಹೋಗಲು ಬಿಟ್ಟು, ವಾಪಸ್ ಬರದಂತೆ ತಡೆಯುವ ಕವಾಟ) ಹಾಕಿಸದೆ ಹಾಕಬೇಡಿ. ಅದಿಲ್ಲದಿದ್ದರೆ ಹಲಗೆ ಒಳಗಿನ ನೀರನ್ನು ಹೊರಹೋಗದಂತೆ ಹಿಡಿದಿಡುತ್ತದೆ ಅಷ್ಟೆ.

2021ರಲ್ಲಿ ಮೇಸ್ತ್ರಿಯ ಮಾತು ಕೇಳಿ ಹಾಲ್ ಮತ್ತು ಅಮ್ಮನ ಕೋಣೆಯ ನೆಲವನ್ನು ಒಂದೂವರೆ ಅಡಿ ಏರಿಸಿದೆವು. ಕೆಮ್ಮಣ್ಣು ತುಂಬಿ, ಜಲ್ಲಿ ಕಾಂಕ್ರೀಟು ಹಾಕಿ, ಟೈಲ್ಸ್. ಎರಡು ಲಕ್ಷ ಅರುವತ್ತು ಸಾವಿರ ಖರ್ಚಾಯಿತು. ಮೂರರಲ್ಲಿ ಇದನ್ನು ಮಾತ್ರ ಮಾಡಬಾರದಿತ್ತು. ನೆಲ ಏರುತ್ತದೆ, ಮನೆ ಏರುವುದಿಲ್ಲ. ಏಳು ಅಡಿಯ ಬಾಗಿಲು ಐದೂವರೆ ಅಡಿಯಾಯಿತು, ಬಾಗಿಲ ಮೇಲಿನ ಕಾಂಕ್ರೀಟ್ ತೊಲೆ, ಅಂದರೆ ಲಿಂಟಲ್, ಒಡೆದು ಮೇಲೆತ್ತಬೇಕಾಯಿತು. ಕಿಟಕಿಯ ಕೆಳ ಅಂಚು ಮೊಣಕಾಲಿನ ಹತ್ತಿರಕ್ಕೆ ಬಂತು. ಸ್ವಿಚ್ಚುಗಳನ್ನು ಬಗ್ಗಿ ಒತ್ತಬೇಕಾಯಿತು. ಇದಕ್ಕಿಂತ ದೊಡ್ಡ ತೊಂದರೆ ಗೋಡೆಯೊಳಗೆ ನಡೆಯಿತು. ಪಾಯದ ಮೇಲೆ ತೇವ ಏರದಂತೆ ಹಾಕಿದ ಪದರ ಈಗ ಹೊಸ ನೆಲಕ್ಕಿಂತ ಕೆಳಗೆ ಉಳಿದಿತ್ತು, ಒದ್ದೆ ಮಣ್ಣು ಇಟ್ಟಿಗೆಗೆ ನೇರ ತಾಗುತ್ತಿತ್ತು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅಮ್ಮನ ಮಂಚದ ಹಿಂದಿನ ಗಾರೆ ಉದುರಿತು, ಅವಳ ಕೆಮ್ಮು ಬಿಡಲೇ ಇಲ್ಲ.

2022ರ ಸೆಪ್ಟೆಂಬರ್ 4ರ ರಾತ್ರಿ. ಬೆಂಗಳೂರಿನಲ್ಲಿ 24 ಗಂಟೆಗಳಲ್ಲಿ 131.6 ಮಿ.ಮೀ. ಮಳೆ ಎಂದು ಮರುದಿನ ಪತ್ರಿಕೆಯಲ್ಲಿ ಓದಿದೆವು. ನಮ್ಮ ಅಡುಗೆಮನೆಯ ಹಳೆ ನೆಲದ ಮೇಲೆ ಎರಡು ಅಡಿ ಎರಡು ಇಂಚು ನೀರು, ಏರಿಸಿದ ಹಾಲಿನಲ್ಲೂ ಎಂಟು ಇಂಚು. ಗೋಡೆಯ ಮೇಲೆ ಉಳಿದ ಆ ಕೆಸರಿನ ಗೆರೆಯನ್ನು ನಾನು ಒರೆಸಲು ಬಿಡಲಿಲ್ಲ. ಮುಂದೆ ಎಲ್ಲ ಅಳತೆಗೂ ಅದೇ ಆಧಾರವಾಯಿತು.

2024ರ ಜನವರಿಯಲ್ಲಿ ಜಾಕಿ, ಅಂದರೆ ತಿರುಗಿಸಿ ಭಾರ ಎತ್ತುವ ಸಾಧನಗಳಿಂದ ಇಡೀ ಮನೆಯನ್ನೇ ಮೇಲೆತ್ತುವುದು. ಕೆಲಸಕ್ಕೆ ಬಂದವರು ಹರಿಯಾಣದ ತಂಡ. ನಮ್ಮದು ಕಂಬಗಳಿಲ್ಲದ, ಗೋಡೆಯೇ ಭಾರ ಹೊರುವ ಮನೆ, ಹಾಗಾಗಿ ಕೆಲಸ ಸಲೀಸು. ಪಾಯದ ಪಕ್ಕ ಅಗೆದು, ಗೋಡೆಯನ್ನು ತುಂಡು ತುಂಡಾಗಿ ಬಿಡಿಸಿ, ಕೆಳಗೆ ಉಕ್ಕಿನ ಚಾನೆಲ್ ಕೂರಿಸಿ, ಅದರಡಿ ಜಾಕಿ ಇಡುತ್ತಾರೆ. 900 ಚದರಡಿಗೆ 180 ಜಾಕಿ. ಎಲ್ಲರೂ ಒಂದೇ ಕೂಗಿಗೆ ಒಂದೇ ಅಳತೆ ತಿರುಗಿಸಬೇಕು. ಒಬ್ಬ ಹೆಚ್ಚು ತಿರುಗಿಸಿದರೆ ಗೋಡೆ ಸೀಳುತ್ತದೆ. ನಾಲ್ಕು ಅಡಿ ಏರಿದ ಮೇಲೆ ಸಾಲಿಡ್ ಬ್ಲಾಕ್ ಕಟ್ಟಿ, ಒಂದೊಂದೇ ಜಾಕಿ ತೆಗೆದರು. ಅಡುಗೆಮನೆಯ ಲಿಂಟಲ್ ಮೂಲೆಯಲ್ಲಿ ಎರಡು ಬಿರುಕು ಬಿಟ್ಟಿದ್ದು ಬಿಟ್ಟರೆ ಮನೆ ಹಾಗೇ ಎದ್ದು ನಿಂತಿತು. ಬಾಗಿಲು, ಕಿಟಕಿ, ದೇವರ ಗೂಡು, ಎಲ್ಲವೂ ತಮ್ಮ ತಮ್ಮ ಎತ್ತರದಲ್ಲೇ.

ಎತ್ತುವವರ ದರ ಕೇಳಿ ಬಜೆಟ್ ಹಾಕಬೇಡಿ. ಅವರಿಗೆ ಕೊಟ್ಟದ್ದು ನಾಲ್ಕು ಲಕ್ಷ ಇಪ್ಪತ್ತು ಸಾವಿರ, ಆಮೇಲಿನ ಕೆಲಸಕ್ಕೆ ಆರು ಲಕ್ಷ. ಗೋಡೆ ಏರುತ್ತದೆ, ನೆಲ ಕೆಳಗೇ ಉಳಿಯುತ್ತದೆ. ಸುಮಾರು 100 ಘನ ಮೀಟರ್ ಮಣ್ಣು, ಅಂದರೆ 20 ಟಿಪ್ಪರ್ ಲೋಡು ತುಂಬಿಸಬೇಕಾಯಿತು. ಅರ್ಧ ಅಡಿ ಹಾಕಿ ನೀರು ಬಿಟ್ಟು ದಮ್ಮಸು ಮಾಡಿ, ಮತ್ತೆ ಅರ್ಧ ಅಡಿ. ಆ ಮಣ್ಣು ಹೊಸ ಗೋಡೆಯನ್ನು ಹೊರಕ್ಕೆ ತಳ್ಳುವುದರಿಂದ ಬ್ಲಾಕಿನ ಮೇಲೆ ಕಾಂಕ್ರೀಟಿನ ಪಟ್ಟಿ ಬೇಕೇ ಬೇಕೆಂದು ಸ್ಟ್ರಕ್ಚರಲ್ ಎಂಜಿನಿಯರ್ ಹಟ ಹಿಡಿದರು. ಅವರ ಮಾತು ಕೇಳಿದ್ದು ಒಳ್ಳೆಯದಾಯಿತು. ಪೈಪು, ಅರ್ಥಿಂಗ್, ಮೆಟ್ಟಿಲು ಎಲ್ಲವೂ ಹೊಸದು.

ಅಮ್ಮನ ಮಂಡಿ ನೋವಿಗೆ ಇಳಿಜಾರು ಮಾಡಿಸೋಣವೆಂದುಕೊಂಡೆ. ನಾಲ್ಕು ಅಡಿಗೆ ಸರಿಯಾದ ಇಳಿಜಾರು ಬೇಕಾದರೆ 48 ಅಡಿ ಉದ್ದ, ನಮ್ಮ ಸೈಟೇ 40 ಅಡಿ. ಕೊನೆಗೆ ಸುಮಾರು ಐದಿಂಚಿನ ಹತ್ತು ಮೆಟ್ಟಿಲು, ಎರಡೂ ಬದಿ ಹಿಡಿಕಂಬಿ.

ಪಕ್ಕದವರದ್ದು ಕಾಂಕ್ರೀಟ್ ಕಂಬಗಳ ಮನೆ. ಜಾಕಿ ಹಾಕಲು ಕಂಬಗಳನ್ನೇ ಕತ್ತರಿಸಬೇಕು. ಅವರ ಎಂಜಿನಿಯರ್ ಒಪ್ಪಲಿಲ್ಲ, ಅದು ಸರಿ ಕೂಡ. ಅವರು ಕೆಡವಿ, ಕೆಳಗೆ ಬರೀ ಕಂಬ ಬಿಟ್ಟು ಮೇಲೆ ಕಟ್ಟಿದರು. ಹಣವಿದ್ದರೆ ನನ್ನ ಲೆಕ್ಕದಲ್ಲಿ ಅದೇ ಎಲ್ಲಕ್ಕಿಂತ ಗಟ್ಟಿ. ಮೀಟರ್ ಬೋರ್ಡು, ಪಂಪು ಮೇಲಿರಲಿ.

2025ರ ಮೇ 19ರ ಬೆಳಗ್ಗೆ ನೀರು ಮತ್ತೆ ಬಂತು. ಮೂರನೇ ಮೆಟ್ಟಿಲು ಮುಳುಗಿ ಅಲ್ಲೇ ನಿಂತಿತು. ಅಮ್ಮ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತು ಮೆಟ್ಟಿಲು ಎಣಿಸುತ್ತಿದ್ದಳು. ಮನೆಯೊಳಗೆ ಒಂದು ಹನಿ ಇಲ್ಲ. ಹಾಳಾದದ್ದು ಸಂಪು. ಅದರ ಬಾಯಿಯನ್ನು ನೆಲಮಟ್ಟದಲ್ಲೇ ಬಿಟ್ಟಿದ್ದೆವು, ಕುಡಿಯುವ ನೀರಿಗೆ ಕೊಳಚೆ ಸೇರಿ ಎರಡು ಸಲ ತೊಳೆಸಬೇಕಾಯಿತು. ಜೂನ್‌ನಲ್ಲಿ ಆ ಬಾಯಿಯ ಸುತ್ತ ಮೂರು ಅಡಿ ಎತ್ತರಕ್ಕೆ ಕಟ್ಟೆ ಕಟ್ಟಿಸಿ ಮುಚ್ಚಳ ಹಾಕಿಸಿದೆವು.