ಮೈನ್‌ಸ್ವೀಪರ್ ‘ಬೆಂಗಾಲ್’ ಮಾದರಿ ಕಿಟ್: ಒಡಲು ಚೆನ್ನ, ಹಿಂಭಾಗ ಸಾಲದು

ಕಲಬುರಗಿಯ ನಮ್ಮ ಪ್ರೌಢಶಾಲೆಯ ಇತಿಹಾಸ ಕೊಠಡಿಗೆಂದು ಬಾಥರ್ಸ್ಟ್ ವರ್ಗದ ಮೈನ್‌ಸ್ವೀಪರ್‌ನ (ಸಮುದ್ರದಲ್ಲಿ ಇರಿಸಿದ ಸ್ಫೋಟಕ ‘ಮೈನ್’ಗಳನ್ನು ತೆಗೆಯುವ ಹಡಗು) ರೆಸಿನ್ ಕಿಟ್ಟನ್ನು ಆನ್‌ಲೈನ್‌ನಲ್ಲಿ ತರಿಸಿ, ಬ್ರಿಟಿಷರ ಕಾಲದ ಭಾರತದ ನೌಕಾಪಡೆಯಾದ ರಾಯಲ್ ಇಂಡಿಯನ್ ನೇವಿಯ ‘ಬೆಂಗಾಲ್’ ಹಡಗಾಗಿ ಜೋಡಿಸಿದ್ದೇನೆ. 1:350 ಅಳತೆಯಲ್ಲಿ ಅದು ಸುಮಾರು 16 ಸೆಂ.ಮೀ. ಉದ್ದವಿದೆ. ಒಡಲಿನ ಎರಕ ನಯವಾಗಿದ್ದು, ಚಿಮಣಿ ಮತ್ತು ಬ್ರಿಜ್‌ಗಳ (ಹಡಗನ್ನು ನಡೆಸುವ ಮೇಲ್ಕೊಠಡಿ) ಪ್ರಮಾಣ ಸರಿಯಾಗಿದೆ.

ಈ ವರ್ಗದ 60 ಹಡಗುಗಳು ಆಸ್ಟ್ರೇಲಿಯಾದಲ್ಲಿ ನಿರ್ಮಾಣವಾದವು. ಅವುಗಳಲ್ಲಿ ನಾಲ್ಕು ಭಾರತದ ನೌಕಾಪಡೆಗೆ ಬಂದವು. ಡಚ್ ತೈಲ ಹಡಗು ‘ಒಂಡಿನಾ’ಕ್ಕೆ ಬೆಂಗಾವಲಾಗಿ ಆಸ್ಟ್ರೇಲಿಯಾದ ಫ್ರೀಮ್ಯಾಂಟಲ್ ಬಂದರಿನಿಂದ ಹಿಂದೂ ಮಹಾಸಾಗರದ ಡಿಯೆಗೊ ಗಾರ್ಸಿಯಾ ದ್ವೀಪದ ಕಡೆಗೆ ಸಾಗುತ್ತಿದ್ದ ಬೆಂಗಾಲ್‌ಗೆ 1942ರ ನವೆಂಬರ್ 11ರಂದು, ಕೊಕೊಸ್ ದ್ವೀಪಗಳ ನೈಋತ್ಯಕ್ಕೆ, ತಲಾ ಹತ್ತು ಸಾವಿರ ಟನ್‌ಗೂ ಮೀರಿದ ಎರಡು ಜಪಾನಿ ದಾಳಿ ಹಡಗುಗಳು ಎದುರಾದವು. ಸುಮಾರು 650 ಟನ್ನಿನ ಬೆಂಗಾಲ್, ಒಂಡಿನಾಕ್ಕೆ ತಪ್ಪಿಸಿಕೊಳ್ಳಲು ಹೇಳಿ, ತಾನೇ ಶತ್ರುವಿನತ್ತ ತಿರುಗಿತು. ದಾಳಿ ಹಡಗುಗಳಲ್ಲಿ ಒಂದಾದ ‘ಹೊಕೊಕು ಮಾರು’ ಬೆಂಕಿ ಹತ್ತಿ ಸಿಡಿದು ಮುಳುಗಿತು. ಗುಂಡೇಟು ತಿಂದ ಬೆಂಗಾಲ್ ಡಿಯೆಗೊ ಗಾರ್ಸಿಯಾ ತಲುಪಿತು. ನಾಯಕನನ್ನು ಕಳೆದುಕೊಂಡರೂ ಒಂಡಿನಾ ಫ್ರೀಮ್ಯಾಂಟಲ್‌ಗೆ ಹಿಂತಿರುಗಿತು. ಆ ದಿನ ಬೆಂಗಾಲ್‌ನ ಮುಂಭಾಗದಲ್ಲಿದ್ದುದು 12 ಪೌಂಡರ್ (ಸುಮಾರು 12 ಪೌಂಡ್ ತೂಕದ ಗುಂಡು ಹಾರಿಸುವ, ಸುಮಾರು 3 ಇಂಚಿನ) ಫಿರಂಗಿಯೊಂದೇ. ಕಿಟ್‌ನಲ್ಲಿ ಕೊಟ್ಟಿರುವುದು ಮಾತ್ರ ಆಸ್ಟ್ರೇಲಿಯಾದ ಹಡಗುಗಳ 4 ಇಂಚಿನ ಫಿರಂಗಿ. ಚಿಕ್ಕ ಫಿರಂಗಿಯೇ ಆ ಕದನದ ಧೈರ್ಯಕ್ಕೆ ಸಾಕ್ಷಿಯಾದ್ದರಿಂದ ಈ ಲೋಪ ನನಗೆ ಸಣ್ಣದೆನಿಸಲಿಲ್ಲ.

ಅದಕ್ಕಿಂತ ದೊಡ್ಡ ಕೊರತೆ ಹಿಂಭಾಗದಲ್ಲಿದೆ, ಏಕೆಂದರೆ ಮೈನ್‌ಸ್ವೀಪರ್‌ನ ದಿನನಿತ್ಯದ ಕೆಲಸ ನಡೆಯುವುದು ಅಲ್ಲಿಯೇ. ಸಮುದ್ರದ ತಳಕ್ಕೆ ಉಕ್ಕಿನ ಹಗ್ಗದಿಂದ ಕಟ್ಟಿ, ನೀರಿನ ಮಟ್ಟಕ್ಕಿಂತ ಕೆಳಗೆ ಕಾಣದಂತೆ ನಿಲ್ಲಿಸಿದ ಮೈನ್‌ಗಳನ್ನು ತೆಗೆಯಲು, ಹಡಗು ಕತ್ತರಿಗಳಿರುವ ಉದ್ದನೆಯ ತಂತಿಯನ್ನು ಓರೆಯಾಗಿ ಎಳೆದೊಯ್ಯುತ್ತದೆ. ತಂತಿಯ ಹೊರತುದಿಯನ್ನು ‘ಒರೊಪೆಸಾ’ ಎಂಬ ತೇಲುವ ಫ್ಲೋಟ್ ಹಿಡಿದಿರುತ್ತದೆ. ಹಗ್ಗ ತುಂಡಾದೊಡನೆ ಮೈನ್ ಮೇಲೆದ್ದು ಬರುತ್ತದೆ, ನಾವಿಕರು ಬಂದೂಕಿನಿಂದ ಗುಂಡು ಹಾರಿಸಿ ನಾಶಪಡಿಸುತ್ತಾರೆ. ಕಿಟ್‌ನಲ್ಲಿ ಫ್ಲೋಟ್‌ಗಳು ಎರಡು ಗುಂಡಗಿನ ಉಂಡೆಗಳಷ್ಟೇ. ತಂತಿಯನ್ನು ಸುತ್ತಿಡುವ ಯಂತ್ರವಾದ ವಿಂಚಿನ ಮೇಲೆ ಸುತ್ತುಗಳೇ ಇಲ್ಲ. ನಾನು ಹಳೆಯ ಇಯರ್‌ಫೋನ್‌ನ ತಾಮ್ರದ ಎಳೆಯನ್ನು ವಿಂಚಿಗೆ ಸುತ್ತಿ, ಫ್ಲೋಟ್‌ಗಳ ಮೂತಿಯನ್ನು ಉಪ್ಪುಕಾಗದದಿಂದ ಚೂಪಾಗಿಸಿದೆ.

ನಮ್ಮ ಊರಿನ ಬಿಸಿಲಲ್ಲಿ ತೆಳುವಾದ ಭಾಗಗಳು ಬಾಗುತ್ತವೆ. ಬಿಸಿನೀರಿನಲ್ಲಿ ಅದ್ದಿ ನೇರಗೊಳಿಸಿ, ತಣ್ಣೀರಿನಲ್ಲಿ ಹಿಡಿದರೆ ಸರಿಹೋಗುತ್ತವೆ. ಒಣಹವೆಯಿಂದಾಗಿ, ಗಾಳಿಯ ತೇವದಿಂದ ಗಟ್ಟಿಯಾಗುವ ಸೂಪರ್ ಗ್ಲೂ ಅಂಟು ಹಿಡಿಯಲು ತಡವಾಗುತ್ತದೆ, ಅಕ್ರಿಲಿಕ್ ಬಣ್ಣ ಕುಂಚದಲ್ಲೇ ಒಣಗುತ್ತದೆ. ಆದ್ದರಿಂದ ಬೇಸಿಗೆಯಲ್ಲಿ ಬಣ್ಣ ಹಚ್ಚುವುದಾದರೆ ಬೆಳಗಿನ ಜಾವವೇ ಸೂಕ್ತ.

ಐದರಲ್ಲಿ ಮೂರೂವರೆ ಅಂಕ ಕೊಡುತ್ತೇನೆ. ತಯಾರಕರು 12 ಪೌಂಡರ್ ಫಿರಂಗಿಯನ್ನೂ ಸರಿಯಾದ ಒರೊಪೆಸಾ ಜೋಡಿಯನ್ನೂ ಸೇರಿಸಿದರೆ, ಜಿಲ್ಲೆಯ ಬೇರೆ ಶಾಲೆಗಳಿಗೂ ಇದನ್ನು ಕೊಳ್ಳಲು ಹಿಂಜರಿಯದೆ ಹೇಳುವೆ.