ಮೆಡಿಕಲಿನವರೂ ಕ್ಲಬ್ಬಿನವರೂ ಓದಿ: ಗಡಿ ಬಂದ್ ಆದಾಗ ಮದ್ದು ಕೊಟ್ಟು ನೋಟೀಸು ತೆಗೆದುಕೊಂಡ ಕಥೆ

ಕರ್ನಾಟಕದ ಗಡಿಗೆ ತಾಗಿದ, ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ ತಾಲೂಕಿನ ಒಂದು ಮೆಡಿಕಲಿನವರು ಕೋವಿಡ್ ಸಮಯದಲ್ಲಿ ಊರಿಗೆ ಉಪಕಾರ ಮಾಡಲು ಹೋಗಿ ಲೈಸೆನ್ಸಿಗೇ ಕುತ್ತು ತಂದುಕೊಂಡರು. ಅಂಗಡಿಯ ಹೆಸರು ಇಲ್ಲಿ ಬೇಡ. ಎಲ್ಲೆಲ್ಲಿ ಎಡವಿದರು ಎಂಬುದನ್ನು ಬಿಡಿಸಿ ಬರೆಯುತ್ತಿದ್ದೇವೆ. ನಾಳೆ ನಿಪಾ ಬರಲಿ, ನೆರೆ ಬರಲಿ, ಗಡಿ ಇನ್ನೊಮ್ಮೆ ಮುಚ್ಚಲಿ, ಗಡಿಯುದ್ದಕ್ಕೂ ತಲಪಾಡಿಯಿಂದ ಅಡ್ಕಸ್ಥಳದವರೆಗೆ ಎಲ್ಲ ಅಂಗಡಿಗಳಿಗೂ ಇದೇ ಪಾಡು.

2020ರ ಮಾರ್ಚ್ ಕೊನೆಗೆ ಕರ್ನಾಟಕದವರು ತಲಪಾಡಿ ಮುಚ್ಚಿದರು, ಒಳದಾರಿಗಳಿಗೆ ಮಣ್ಣು ಸುರಿದರು. ಈ ಅಂಗಡಿಯ ಫಾರ್ಮಸಿಸ್ಟರ ಮನೆ ಗಡಿಯಾಚೆ, ದಕ್ಷಿಣ ಕನ್ನಡದಲ್ಲಿ. ಲಾಕ್‌ಡೌನ್ ಆದೇಶದಲ್ಲಿ ಮದ್ದಿನಂಗಡಿ ತೆರೆಯಬಹುದು ಎಂದಿತ್ತು, ಮಾಲಕರು ತೆರೆದರು. ಮದ್ದು ತೆಗೆದು ಕೊಟ್ಟದ್ದು, ಬಿಲ್ಲು ಮಾಡಿದ್ದು ಎಲ್ಲ ಹಳೆಯ ಸೇಲ್ಸ್‌ಮನ್. ಫಾರ್ಮಸಿಸ್ಟರು ಹಿಂದೆ ಬಂದ ಮೇಲೆ ಅಷ್ಟೂ ದಿನಗಳ ಬಿಲ್ಲಿಗೆ, ಎಚ್1 ರಿಜಿಸ್ಟರಿಗೆ (ಹೆಚ್ಚು ನಿಗಾ ಬೇಕಾದ ಮದ್ದುಗಳ ಮಾರಾಟ ಬರೆದಿಡುವ ಪುಸ್ತಕ) ಒಂದೇ ಸಲ ಕೂತು ಸಹಿ ಹಾಕಿದರು. ಆಮೇಲೆ ತಪಾಸಣೆಗೆ ಬಂದ ಡ್ರಗ್ಸ್ ಇನ್‌ಸ್ಪೆಕ್ಟರ್ ಹೆಚ್ಚೇನೂ ಹುಡುಕಲಿಲ್ಲ. ವಾರಗಟ್ಟಲೆ ಸಹಿಗಳೆಲ್ಲ ಒಂದೇ ಪೆನ್ನಿನವು, ಒಂದೇ ಓರೆಯವು. ಪಕ್ಕದಲ್ಲಿ ಫಾರ್ಮಸಿಸ್ಟರು ಗಡಿ ದಾಟಿ ಬಂದ ಪಾಸಿನ ತಾರೀಕು ಇಟ್ಟು ನೋಡಿದರು, ಅಷ್ಟೇ.

ಇಲ್ಲಿ ಅರ್ಥ ಮಾಡಿಕೊಳ್ಳಬೇಕಾದ್ದು ಒಂದಿದೆ. ಲಾಕ್‌ಡೌನ್ ಆದೇಶ ಹೊರಟದ್ದು 2005ರ ವಿಪತ್ತು ನಿರ್ವಹಣಾ ಕಾಯ್ದೆಯಡಿ. ಅದರಿಂದ ಶಟರ್ ಎತ್ತಲು ಅನುಮತಿ ಸಿಕ್ಕಿತು. 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆಯನ್ನಾಗಲಿ 1945ರ ನಿಯಮಗಳನ್ನಾಗಲಿ ಅದು ಮುಟ್ಟಲಿಲ್ಲ. ಡಾಕ್ಟರ ಚೀಟಿಯ ಮೇಲೆ ಕೊಡುವ ಮದ್ದು ನೋಂದಾಯಿತ ಫಾರ್ಮಸಿಸ್ಟರ ಕೈಯಿಂದ, ಇಲ್ಲವೇ ಅವರ ಕಣ್ಣೆದುರಿಗೇ ಹೋಗಬೇಕು ಎನ್ನುವ 65ನೇ ನಿಯಮ ಲಾಕ್‌ಡೌನಿನ ಅಷ್ಟೂ ದಿನ ಜಾರಿಯಲ್ಲಿಯೇ ಇತ್ತು. ಫೋನಿನಲ್ಲಿ ಕೇಳಿ ಕೊಟ್ಟರೆ ಮೇಲ್ವಿಚಾರಣೆ ಎನಿಸುವುದಿಲ್ಲ. ಇನ್ನು ಹಿಂದಿನ ತಾರೀಕಿಗೆ ಸಹಿ ಹಾಕಿದ್ದು ಮೂಲ ತಪ್ಪಿಗಿಂತ ದೊಡ್ಡದು. ಫಾರ್ಮಸಿಸ್ಟ್ ಇರಲಿಲ್ಲ ಎಂದು ಒಪ್ಪಿಕೊಂಡವರಿಗೆ ಮಾತಾಡಲು ಒಂದಿಷ್ಟು ಜಾಗ ಇರುತ್ತದೆ. ಸುಳ್ಳು ದಾಖಲೆ ಮಾಡಿದವರಿಗೆ ಅದೂ ಉಳಿಯುವುದಿಲ್ಲ.

ಅಂಥ ಸಮಯದಲ್ಲಿ ಮಾಡಬೇಕಾದ್ದು: ಫಾರ್ಮಸಿಸ್ಟ್ ಬರುವುದಿಲ್ಲ ಎಂದು ಗೊತ್ತಾದ ದಿನವೇ ಲೈಸೆನ್ಸ್ ಕೊಟ್ಟ ಕಚೇರಿಗೆ ಇಮೇಲಿನಲ್ಲಿ ತಿಳಿಸಿ, ಕಳಿಸಿದ ಪ್ರತಿಯನ್ನು ಫೈಲಿಗೆ ಹಾಕಿ. ತಾತ್ಕಾಲಿಕವಾಗಿ ಬೇರೊಬ್ಬರನ್ನು ಹುಡುಕುವಾಗ ಅವರ ಹೆಸರು ಕೇರಳದ ರಿಜಿಸ್ಟರಿನಲ್ಲಿದೆಯೇ ನೋಡಿ. ಫಾರ್ಮಸಿ ಕಾಯ್ದೆಯಲ್ಲಿ ನೋಂದಣಿ ರಾಜ್ಯವಾರು. ಕರ್ನಾಟಕದ ಸರ್ಟಿಫಿಕೇಟು ತಂದು ಉಪ್ಪಳದ ಕೌಂಟರಿನಲ್ಲಿ ನಿಂತರೆ ನಡೆಯುವುದಿಲ್ಲ. (ಡಾಕ್ಟರ ಚೀಟಿಗೆ ಈ ತಾಪತ್ರಯ ಇಲ್ಲ, ಮಂಗಳೂರಿನ ಚೀಟಿ ಕಾಸರಗೋಡಿನಲ್ಲೂ ಚೀಟಿಯೇ.) ಯಾರೂ ಸಿಗದಿದ್ದರೆ ಚೀಟಿ ಬೇಕಾದ ಮದ್ದಿನ ಕಪಾಟಿಗೆ ಬೀಗ ಹಾಕಿ. ಒಆರ್‌ಎಸ್, ಹತ್ತಿ, ಬ್ಯಾಂಡೇಜು ಕೊಡಲು ಅಡ್ಡಿ ಇಲ್ಲ.

ಎರಡನೆಯ ಎಡವಟ್ಟು ಮನೆಗೆ ಮದ್ದು ಮುಟ್ಟಿಸಿದ್ದರಲ್ಲಿ ಆಯಿತು. ನಮ್ಮ ಕಡೆಯವರು ಇದನ್ನು ಗಮನವಿಟ್ಟು ಓದಬೇಕು. 2020ರ ಮಾರ್ಚ್ 26ರಂದು ಕೇಂದ್ರ ಆರೋಗ್ಯ ಸಚಿವಾಲಯ ಮನೆಬಾಗಿಲಿಗೆ ಮದ್ದು ಕೊಡಲು ಅಧಿಸೂಚನೆ ಹೊರಡಿಸಿತು. ಟಿವಿಯಲ್ಲಿ ಬಂದದ್ದು ಅಷ್ಟು ಮಾತ್ರ. ಒಳಗಿನ ಷರತ್ತು ಓದಿದವರು ಕಡಿಮೆ. ಚೀಟಿ ಕೈಯಲ್ಲಿ ಬರಬೇಕು ಅಥವಾ ಇಮೇಲಿನಲ್ಲಿ ಬರಬೇಕು, ಆ ಇಮೇಲ್ ವಿಳಾಸವನ್ನು ಮೊದಲೇ ಲೈಸೆನ್ಸ್ ಕಚೇರಿಯಲ್ಲಿ ನೋಂದಾಯಿಸಿರಬೇಕು. ದೀರ್ಘಕಾಲದ ಕಾಯಿಲೆಯಾದರೆ ಚೀಟಿ ಬರೆದ 30 ದಿನದೊಳಗೆ, ಆಗಷ್ಟೇ ಬಂದ ಕಾಯಿಲೆಯಾದರೆ 7 ದಿನದೊಳಗೆ ತೋರಿಸಬೇಕು. ರೋಗಿಯ ಮನೆ ಅಂಗಡಿ ಇರುವ ಕಂದಾಯ ಜಿಲ್ಲೆಯಲ್ಲೇ ಇರಬೇಕು. ಶೆಡ್ಯೂಲ್ ಎಚ್1, ಶೆಡ್ಯೂಲ್ ಎಕ್ಸ್ (ನಿಯಮಗಳಲ್ಲಿ ಬಿಗಿ ಹಿಡಿತವಿರುವ ಮದ್ದುಗಳ ಪಟ್ಟಿಗಳು), ಮಾದಕ ಮತ್ತು ಮನೋಪ್ರಭಾವಿ (ಮನಸ್ಸಿನ ಮೇಲೆ ಪರಿಣಾಮ ಬೀರುವ) ಮದ್ದುಗಳು ಈ ಸವಲತ್ತಿಗೆ ಸೇರುವುದಿಲ್ಲ.

ಈ ಅಂಗಡಿಯವರು ಚೀಟಿಯ ಫೋಟೋ ವಾಟ್ಸಾಪಿನಲ್ಲಿ ತೆಗೆದುಕೊಂಡರು. ಅರ್ಧಕ್ಕರ್ಧ ಹಳೆಯ ಚೀಟಿಗಳು, ಕೆಲವು ಮೊದಲೇ ಬೇರೆ ಅಂಗಡಿಯ ಮೊಹರು ಬಿದ್ದವು. ಮದ್ದು ಕೊಟ್ಟ ಕೂಡಲೇ ಡಾಕ್ಟರ ಸಹಿಯ ಮೇಲ್ಗಡೆ ಅಂಗಡಿಯ ಹೆಸರು, ವಿಳಾಸ, ತಾರೀಕು ಬರೆಯಬೇಕೆಂದು ನಿಯಮ ಇರುವುದು ಇದಕ್ಕಾಗಿಯೇ. ಮತ್ತೆ ಕೊಡಬಹುದು ಎಂದು ಡಾಕ್ಟರು ಬರೆಯದಿದ್ದರೆ ಒಂದು ಚೀಟಿಗೆ ಒಂದೇ ಸಲ ಮದ್ದು. ಫೋಟೋದ ಮೇಲೆ ಮೊಹರು ಒತ್ತುವುದು ಹೇಗೆ?

ಜಿಲ್ಲೆಯ ಷರತ್ತಂತೂ ಗಡಿಯವರ ಪಾಲಿಗೆ ದೊಡ್ಡ ಪೆಟ್ಟು. ಕುಂಬಳೆಯಿಂದ ಈಚೆಗೆ ಎಷ್ಟೋ ಮನೆಯವರ ಡಾಕ್ಟರೂ ಮಂಗಳೂರು, ಮದ್ದೂ ಮಂಗಳೂರು. ಮಂಗಳೂರಿನ ಅಂಗಡಿ ಈ ಅಧಿಸೂಚನೆಯ ಬಲದಲ್ಲಿ ಗಡಿಯ ಈಚೆಗಿನ ವರ್ಕಾಡಿಗೆ ಮದ್ದು ಕಳಿಸುವ ಹಾಗಿಲ್ಲ, ಜಿಲ್ಲೆ ಬೇರೆ. ದೂರ ಎಷ್ಟೆಂದು ಯಾರೂ ಕೇಳುವುದಿಲ್ಲ. ದಿಲ್ಲಿಯಲ್ಲಿ ಕೂತು ಬರೆದವರಿಗೆ ತೊಕ್ಕೊಟ್ಟು ಮತ್ತು ಹೊಸಂಗಡಿಯ ನಡುವೆ ಒಂದು ರಾಜ್ಯದ ಗೆರೆ ಇದೆ ಎಂಬುದು ತಲೆಗೆ ಬಂದಿರಲಿಕ್ಕಿಲ್ಲ.

ಹೆಚ್ಚು ಕಷ್ಟಪಟ್ಟವರು ಫಿಟ್ಸ್ ಕಾಯಿಲೆಯವರು. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆಯ ಎಂಡೋಸಲ್ಫಾನ್ ಪೀಡಿತ ಮನೆಗಳಲ್ಲಿ ಇಂಥವರು ಇದ್ದಾರೆ. ಕ್ಲೋಬಜಾಮ್, ಕ್ಲೋನಜೆಪಾಮ್, ಫಿನೋಬಾರ್ಬಿಟೋನ್ ಮನೋಪ್ರಭಾವಿ ಪಟ್ಟಿಯಲ್ಲಿರುವ ಮದ್ದುಗಳು, ಮನೆಗೆ ಮುಟ್ಟಿಸುವ ಹಾಗಿಲ್ಲ. ದಿಢೀರ್ ನಿಲ್ಲಿಸಿದರೆ ಫಿಟ್ಸ್ ಮರುಕಳಿಸುತ್ತದೆ. ಮಾರ್ಚ್ 25ರಂದು ಬಂದ ಟೆಲಿಮೆಡಿಸಿನ್ ಮಾರ್ಗಸೂಚಿಯೂ ಮೊದಲ ರೂಪದಲ್ಲಿ ಈ ವರ್ಗದ ಮದ್ದನ್ನು ವಿಡಿಯೋ ಕಾಲಿನಲ್ಲಿ ಬರೆಯಬಾರದೆಂದೇ ಹೇಳಿತ್ತು. ಅಂಗಡಿಯವರಿಗೆ ಕರುಣೆ ಬಂದದ್ದು ಸಹಜ, ಸ್ಟ್ರಿಪ್ ಕಳಿಸಿಕೊಟ್ಟರು. ಆದರೆ ಕಾಯ್ದೆಯೊಳಗೇ ಒಂದು ದಾರಿ ಇತ್ತು. ಹತ್ತಿರದ ಸರ್ಕಾರಿ ಆಸ್ಪತ್ರೆಯ ಡಾಕ್ಟರಿಗೆ ಹಳೆಯ ಚೀಟಿ, ಡಿಸ್ಚಾರ್ಜ್ ಸಮ್ಮರಿ ತೋರಿಸಿ ಹೊಸ ಚೀಟಿ ಬರೆಸಿ, ಮನೆಯವರೊಬ್ಬರು ಅಂಗಡಿಗೇ ಬಂದು ಬಿಲ್ಲು ಮಾಡಿಸಿಕೊಂಡು ಹೋಗುವುದು. ಮನೆಯಲ್ಲಿ ಇಂಥ ಮದ್ದು ಇರುವವರು ಡಾಕ್ಟರ ಹತ್ತಿರ ಮೊದಲೇ ಹೆಚ್ಚು ದಿನಗಳಿಗೆ ಪ್ರಮಾಣ ಬರೆಸಿಟ್ಟುಕೊಳ್ಳಿ. ಯಾವ ಮದ್ದು ಯಾವ ಗುಂಪಿನದೆಂದು ಸ್ಟ್ರಿಪ್ಪೇ ಹೇಳುತ್ತದೆ: ಕೆಂಪು ಗೆರೆಯ ಚೌಕದೊಳಗೆ ಎಚ್ಚರಿಕೆ ಇದ್ದರೆ ಎಚ್1, ಎನ್‌ಆರ್‌ಎಕ್ಸ್ ಎಂದಿದ್ದರೆ ಮಾದಕ ಅಥವಾ ಮನೋಪ್ರಭಾವಿ, ಎಕ್ಸ್‌ಆರ್‌ಎಕ್ಸ್ ಎಂದಿದ್ದರೆ ಶೆಡ್ಯೂಲ್ ಎಕ್ಸ್.

ಅದೇ ಮಾರ್ಚ್ 26ರಂದು ಇನ್ನೊಂದು ಆದೇಶ ಬಂತು: ಹೈಡ್ರಾಕ್ಸಿಕ್ಲೋರೋಕ್ವಿನ್ ಮಾರುವಾಗ ಎಚ್1ರ ಷರತ್ತು ಪಾಲಿಸಬೇಕು. ಹಿಂದಿನ ದಿನದವರೆಗೆ ಚೀಟಿ ಇದ್ದರೆ ಕೊಡುವ ಮಾಮೂಲು ಎಚ್ ಮದ್ದು, ಮರುದಿನದಿಂದ ಬೇರೆ ರಿಜಿಸ್ಟರ್. ಡಾಕ್ಟರ ಹೆಸರು ವಿಳಾಸ, ರೋಗಿಯ ಹೆಸರು, ಮದ್ದು, ಕೊಟ್ಟ ಪ್ರಮಾಣ ಬರೆದು 3 ವರ್ಷ ಇಡಬೇಕು. ಕೋವಿಡ್ ಬಾರದಿರಲು ಮುಂಜಾಗ್ರತೆಗೆ ಎಂದು ಕೇಳಿದವರಿಗೆಲ್ಲ ಕೊಟ್ಟು ಮುಗಿಸಿದ ಅಂಗಡಿಗಳಲ್ಲಿ ಸಂಧಿವಾತದವರಿಗೂ ಲೂಪಸ್ ರೋಗಿಗಳಿಗೂ ಮದ್ದು ಉಳಿಯಲಿಲ್ಲ. ಇನ್‌ಸ್ಪೆಕ್ಟರು ಲೆಕ್ಕ ಹಾಕುವುದು ಸುಲಭ: ಖರೀದಿ ಬಿಲ್ಲಿನಲ್ಲಿ ಬಂದ ಸ್ಟ್ರಿಪ್ಪು, ಕಪಾಟಿನಲ್ಲಿ ಉಳಿದದ್ದು, ರಿಜಿಸ್ಟರಿನಲ್ಲಿ ಬರೆದದ್ದು. ಮೂರೂ ತಾಳೆಯಾಗಬೇಕು. ತುರ್ತು ಕಾಲದಲ್ಲಿ ಒಂದು ಮದ್ದಿನ ಗುಂಪು ರಾತ್ರೋರಾತ್ರಿ ಬದಲಾಗುತ್ತದೆ, ದಿನಾ ಬೆಳಿಗ್ಗೆ ಅಧಿಸೂಚನೆ ನೋಡದೆ ಗತ್ಯಂತರವಿಲ್ಲ.

ಬ್ರಾಂಡು ಸಿಗದಾಗ "ಕಂಪನಿ ಬೇರೆ, ಮದ್ದು ಅದೇ" ಎಂದು ಕೊಡುವ ಅಭ್ಯಾಸವೂ ಅಪಾಯ. ಚೀಟಿಯಲ್ಲಿ ಬರೆದದ್ದಕ್ಕೆ ಬದಲು ಬೇರೊಂದನ್ನು ಕೊಡಬಾರದೆಂದು 65ನೇ ನಿಯಮದಲ್ಲೇ ಇದೆ. ಡಾಕ್ಟರಿಗೆ ಹೇಳಿ ಚೀಟಿ ತಿದ್ದಿಸಿಕೊಳ್ಳಿ.

ಇನ್ನು ಕ್ಲಬ್ಬಿನವರ ವಿಚಾರ. ಈ ಅಂಗಡಿಯಿಂದಲೇ ಒಂದು ಯುವಕ ಸಂಘದವರು ಡಾಕ್ಸಿಸೈಕ್ಲಿನ್, ಅಜಿತ್ರೋಮೈಸಿನ್ ಎಂಬ ಆ್ಯಂಟಿಬಯಾಟಿಕ್ ಮಾತ್ರೆಗಳನ್ನು ಡಬ್ಬಗಟ್ಟಲೆ ಒಯ್ದು ಕ್ಲಬ್ಬಿನ ಕೋಣೆಯಲ್ಲಿಟ್ಟು ಹಂಚಿದರು, ದುಡ್ಡು ತೆಗೆದುಕೊಳ್ಳಲಿಲ್ಲ. ಔಷಧ ಕಾಯ್ದೆಯ 18(ಸಿ) ಕಲಮಿನಲ್ಲಿ ಲೈಸೆನ್ಸ್ ಇಲ್ಲದೆ ಮಾರುವುದರ ಜೊತೆಗೆ ಹಂಚುವುದೂ ಸೇರಿದೆ. ಅದು ರುಜುವಾತಾದರೆ 27(ಬಿ)(2)ರಂತೆ ಶಿಕ್ಷೆ 3ರಿಂದ 5 ವರ್ಷ ಜೈಲು, ದಂಡ ಕನಿಷ್ಠ 1 ಲಕ್ಷ ರೂಪಾಯಿ ಅಥವಾ ಮದ್ದಿನ ಬೆಲೆಯ ಮೂರು ಪಟ್ಟು, ಯಾವುದು ಹೆಚ್ಚೋ ಅದು. 2018ರ ನೆರೆಯ ನಂತರ ಕೇರಳದಲ್ಲಿ ಇಲಿಜ್ವರ ತಡೆಯಲು ಡಾಕ್ಸಿಸೈಕ್ಲಿನ್ ಹಂಚಿದ್ದು ನಿಜ, ಆದರೆ ಹಂಚಿದ್ದು ಆರೋಗ್ಯ ಇಲಾಖೆ, ಅದರ ಕಾರ್ಯಕರ್ತರಿಗೆ ಶೆಡ್ಯೂಲ್ ಕೆಯಲ್ಲಿ ವಿನಾಯಿತಿ ಇದೆ. ಕ್ಲಬ್ಬಿಗೆ ಇಲ್ಲ. ಗರ್ಭಿಣಿಯರಿಗೂ ಸಣ್ಣ ಮಕ್ಕಳಿಗೂ ಡಾಕ್ಸಿಸೈಕ್ಲಿನ್ ಕೊಡುವಂತಿಲ್ಲ ಎಂಬುದು ಹಂಚಿದವರಿಗೆ ಗೊತ್ತೇ ಇರಲಿಲ್ಲ.

ಸಹಾಯ ಮಾಡುವ ಮನಸ್ಸಿದ್ದರೆ ತಂದುಕೊಡುವವರಾಗಿ, ದಾಸ್ತಾನು ಇಡಬೇಡಿ. ಒಬ್ಬ ರೋಗಿಗೆ ಒಂದು ಚೀಲ, ಅದರೊಳಗೆ ರೋಗಿಯ ಹೆಸರಿನ ಬಿಲ್ಲು, ಚೀಟಿಯ ಪ್ರತಿ, ಚೀಟಿಯಲ್ಲಿದ್ದಷ್ಟೇ ಪ್ರಮಾಣ. ಇನ್ಸುಲಿನ್ ಆದರೆ 2ರಿಂದ 8 ಡಿಗ್ರಿಯಲ್ಲಿ ಇರಬೇಕು, ಮಂಜುಗಡ್ಡೆಗೆ ನೇರ ತಾಗಿ ಹೆಪ್ಪುಗಟ್ಟಿದರೆ ಕೆಲಸಕ್ಕೆ ಬಾರದು.

ಆ ಅಂಗಡಿಯವರನ್ನು ಕೊನೆಗೂ ಸ್ವಲ್ಪ ಕಾಪಾಡಿದ್ದು ಖರೀದಿ ಬಿಲ್ಲುಗಳು. ಮದ್ದು ನಕಲಿ ಅಥವಾ ಕಳಪೆ ಎಂದು ಬಂದಾಗ, ಲೈಸೆನ್ಸ್ ಇದ್ದವರಿಂದ ಕೊಂಡಿದ್ದೇವೆ, ದೋಷ ನಮಗೆ ತಿಳಿದಿರಲಿಲ್ಲ, ಸರಿಯಾಗಿ ಇಟ್ಟಿದ್ದೆವು ಎಂದು ತೋರಿಸಿದರೆ ಅದೇ ಕಾಯ್ದೆಯ 19(3)ರಲ್ಲಿ ರಕ್ಷಣೆ ಇದೆ. ಕೊರತೆಯ ಸಮಯದಲ್ಲಿ ಯಾರೋ ಕಾರಿನಲ್ಲಿ ತಂದು ಬಿಲ್ಲಿಲ್ಲದೆ ಕೊಟ್ಟ ಮಾಲಿಗೆ ಇಲ್ಲ. ಇನ್‌ಸ್ಪೆಕ್ಟರ್ ಸ್ಟಾಕು ವಶಪಡಿಸಿಕೊಂಡರೆ ಫಾರ್ಮ್ 16ರಲ್ಲಿ ರಸೀದಿ ಕೇಳಿ, ಮಾರಬೇಡಿ ಎಂದರೆ ಆ ಆದೇಶ ಫಾರ್ಮ್ 15ರಲ್ಲಿ ಬರಬೇಕು. ಇನ್‌ಸ್ಪೆಕ್ಟರ್ ಪರೀಕ್ಷೆಗೆ ಒಯ್ದ ಸ್ಯಾಂಪಲ್ಲಿನ ವರದಿ ಕೈಗೆ ಬಂದರೆ ಅದನ್ನು ಒಪ್ಪುವುದಿಲ್ಲ, ಸಾಕ್ಷ್ಯ ಕೊಡುತ್ತೇವೆ ಎಂದು ಲಿಖಿತವಾಗಿ ತಿಳಿಸಲು 28 ದಿನ ಮಾತ್ರ. ಈ ಅಂಗಡಿಯವರು ಲಕೋಟೆ ಒಡೆದು ನೋಡುವಷ್ಟರಲ್ಲಿ ಅದರಲ್ಲಿ ಹೆಚ್ಚಿನ ದಿನಗಳು ಕಳೆದಿದ್ದವು.