ಊರ ಹಳೇ ಹೊಂಡ: ಕೇಂದ್ರಕ್ಕೋ, ರಾಜ್ಯಕ್ಕೋ, ಪಂಚಾಯಿತಿಗೋ?

ಚಿತ್ರದುರ್ಗದ ಹತ್ತಿರದ ಊರಿನವರೊಬ್ಬರು ಕೇಳಿದ್ದರು: ನಮ್ಮೂರ ಹೊಂಡ ಹಾಳಾಗ್ತಿದೆ, ಯಾರ ಬಾಗಿಲು ತಟ್ಟೋದು?

ಮೊದಲು ಹೊಂಡದ ಸುತ್ತ ಎಷ್ಟು ಮನೆಗಳಿವೆ ಎಣಿಸಿ. ಕೇಂದ್ರದ ಪುರಾತತ್ವ ಇಲಾಖೆ ಸಂರಕ್ಷಿಸಿದರೆ 100 ಮೀಟರ್ ಒಳಗೆ ಹೊಸ ಕಟ್ಟಡ ಇಲ್ಲ. ಅದರಾಚೆ ಇನ್ನೂ 200 ಮೀಟರ್‌ವರೆಗೆ ಅನುಮತಿ ಬೇಕು. ಕೇಂದ್ರದ ಸ್ಮಾರಕ ಕಾಯ್ದೆಗೆ ಬಂದ 2010ರ ತಿದ್ದುಪಡಿ ಬಿಗಿಯಾಗೇ ಇದೆ. ನಗರಸಭೆ ಒಪ್ಪಿತು ಅಂದರೆ ಮುಗಿಯಲ್ಲ, ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರದ ಶಿಫಾರಸೂ ಬೇಕು. ದುರ್ಗದ ಕೋಟೆ ಪಕ್ಕದಲ್ಲಿರೋರಿಗೆ ಇದೆಲ್ಲ ಗೊತ್ತು.

ಪೂಜೆ ನಿಂತುಹೋಗುತ್ತೆ ಅನ್ನೋ ಭಯ ಮಾತ್ರ ಸುಮ್ನೆ. ಹರಿಹರದ ಹರಿಹರೇಶ್ವರ ದೇವಸ್ಥಾನ ಕೇಂದ್ರದ ಪಟ್ಟಿಯಲ್ಲಿದೆ, ಪೂಜೆ ನಡೆಯುತ್ತಲೇ ಇದೆ. ಆದರೆ ಆ ಪಟ್ಟಿಗೆ ರಾಷ್ಟ್ರೀಯ ಮಹತ್ವ ಬೇಕು. ಸಂತೇಬೆನ್ನೂರಿನ ಹೊಂಡದಂಥದ್ದಾದರೆ ಸರಿ, ಎಲ್ಲ ಹೊಂಡಕ್ಕೂ ಅದು ಸಿಗಲ್ಲ.

ಶಾಸನ, ಕೆತ್ತನೆ ಇದ್ದು ಹೆಸರು ಸುತ್ತಲಿನ ಸೀಮೆಗಷ್ಟೇ ಇದ್ದರೆ ರಾಜ್ಯದ ಪುರಾತತ್ವ ಇಲಾಖೆ ಹೊಂದುತ್ತದೆ. ಅದಕ್ಕೆ 1961ರ ಕಾಯ್ದೆ ಇದೆ.

ಬರೀ ಹೂಳೇ ತೊಂದರೆ, ಮಳೆಗೆ ಮುಂಚೆ ತೆಗೀಬೇಕು ಅಂದರೆ ಪಂಚಾಯಿತಿಯೇ ಬೇಗ. ಉದ್ಯೋಗ ಖಾತ್ರಿಯಲ್ಲಿ ಎಷ್ಟೋ ಕಲ್ಯಾಣಿಗಳ ಹೂಳೆತ್ತಿದ್ದಾರೆ. ಆದರೆ ಜೆಸಿಬಿ ಇಳಿಸಬೇಡಿ. ಒಂದೂರಲ್ಲಿ ಅದರ ಹಲ್ಲು ತಾಗಿ ಮೂರು ಮೆಟ್ಟಿಲು ಕಿತ್ತುಬಂದಿದ್ದವು. ಅಲ್ಲಿಗೆ ಸಿಮೆಂಟ್ ಮೆತ್ತಿ, ಮೇಲೆ ಹಳದಿ ಬಣ್ಣ ಬಳಿದಿದ್ದರು! ಕೆಲಸಕ್ಕೆ ಮುಂಚೆ ರಾಜ್ಯ ಇಲಾಖೆಯವರನ್ನು ಒಮ್ಮೆ ಕರೆಸಿ ತೋರಿಸಿ. ಪ್ರತಿ ಮೆಟ್ಟಿಲಿನ ಫೋಟೋನೂ ತೆಗೆದಿಟ್ಟುಕೊಳ್ಳಿ.